ಬೀರುವಿನ ಬೀಗ, ಪಟ್ಟಿಯ ಬೀಗ

ಕಳೆದ ಡಿಸೆಂಬರ್ 6ರಂದು ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ಪದ್ಯ ಓದಲು ಹೋಗಿದ್ದೆವು. ಬಾಬಾಸಾಹೇಬರ ಪಟಕ್ಕೆ ಹಾರ ಬಿತ್ತು, ಎರಡು ಭಾಷಣ ಆದವು, ನಾವು ನಾಲ್ಕು ಪದ್ಯ ಓದಿದೆವು, ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲ ಮುಗಿದ ಮೇಲೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಕಂಬದ ಮರೆಯಿಂದ ಬಂದು ಕೇಳಿದಳು: 'ಅಣ್ಣಾ, ಮಾರ್ಬಿಟ್ಟಿರೋ ಜಮೀನು ವಾಪಸ್ ಬರೋ ಪುಸ್ತಕ ಇಲ್ಲೇನಾದ್ರೂ ಐತಾ?'

ಪದ್ಯ ಓದಿ ಬೀಗುತ್ತಿದ್ದ ನಮ್ಮ ಬಾಯಿ ಕಟ್ಟಿತು. ಅವಳ ತಾತನಿಗೆ ಸರ್ಕಾರ ಕೊಟ್ಟಿದ್ದ ಎರಡು ಎಕರೆ ದರಖಾಸ್ತು ಜಮೀನು. ದೊಡ್ಡಪ್ಪ ಯಾವುದೋ ಮದುವೆ ಸಾಲಕ್ಕೆ ಊರಿನವರೊಬ್ಬರಿಗೆ ಬರೆದುಕೊಟ್ಟಿದ್ದಾನೆ. ಈಗ ಅವರವ್ವ ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಇಂಥ ಜಮೀನಿಗೆ ಒಂದು ಕಾಯ್ದೆ ಇದೆಯೆಂದು ನಾವೂ ಕೇಳಿದ್ದೆವು. ಹೆಸರು ನೆನಪಿಗೆ ಬರಲಿಲ್ಲ.

ಲೈಬ್ರರಿ ನೋಡಿಕೊಳ್ಳುವ ಕನ್ನಡ ಮೇಷ್ಟ್ರ ಹತ್ತಿರ ಕರೆದುಕೊಂಡು ಹೋದೆವು. ಒಳ್ಳೆಯ ಮನುಷ್ಯ. ಬೀಗದ ಗೊಂಚಲು ತೆಗೆದರು, ಉದ್ದನೆಯ ರಿಜಿಸ್ಟರ್ ಬಿಡಿಸಿದರು, 'ಕೃಷಿ' ಎಂದು ಬರೆದಿದ್ದ ಕಡೆಯೆಲ್ಲ ಬೆರಳಿಟ್ಟು ನೋಡಿದರು. ರೇಷ್ಮೆ ಸಾಕಣೆ ಇತ್ತು, ಹೈನುಗಾರಿಕೆ ಇತ್ತು, ಎರೆಗೊಬ್ಬರ ಇತ್ತು. 'ಇಲ್ಲ ಕಣಮ್ಮ' ಅಂದರು. ಹುಡುಗಿ 'ಆಯ್ತು ಸಾ' ಎಂದು ಹೊರಟೇ ಹೋದಳು. ಅವಳ ಮುಖದಲ್ಲಿ ನಿರಾಸೆ ಕೂಡ ಇರಲಿಲ್ಲ. ಇಲ್ಲ ಎನ್ನಿಸಿಕೊಂಡು ಅಭ್ಯಾಸವಾಗಿರುವ ಮುಖ ಅದು. ನಮಗೆ ಗೊತ್ತಿರುವ ಮುಖವೇ.

ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಸುಮ್ಮನೆ ಕೂತು ಆ ರಿಜಿಸ್ಟರನ್ನು ಮೊದಲಿನಿಂದ ಓದತೊಡಗಿದೆವು. 412ನೇ ನಂಬರಿನಲ್ಲಿ ಹೀಗಿತ್ತು: 'ಪರಭಾರೆ ನಿಷೇಧ ಕಾಯ್ದೆ: ಕೈಪಿಡಿ.' ಲೇಖಕರ ಕಲಂ ಖಾಲಿ. ಬೆಲೆಯ ಕಲಮಿನಲ್ಲಿ 'ದಾನ'. ವಿಷಯದ ಕಲಮಿನಲ್ಲಿ 'ಇತರೆ'. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈಬಿಟ್ಟು ಹೋಗದ ಹಾಗೆ 1978ರಲ್ಲಿ ಕರ್ನಾಟಕ ಮಾಡಿದ ಕಾಯ್ದೆಯ ಪುಸ್ತಕ ಅದು. ಕಾಯ್ದೆಗೆ ವಿರುದ್ಧವಾಗಿ ಆದ ಮಾರಾಟ ಊರ್ಜಿತವಲ್ಲ, ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಜಮೀನನ್ನು ಬಿಡಿಸಿಕೊಳ್ಳಬಹುದು ಎಂದು ಅದರೊಳಗೆ ಬರೆದಿದೆ. ಅಂದರೆ ಮಾರಿದ ಜಮೀನು ವಾಪಸ್ ಬರುವ ಪುಸ್ತಕ. ಹುಡುಗಿ ನಿಂತಿದ್ದ ಜಾಗದಿಂದ ಮೂರು ಅಡಿ ದೂರದಲ್ಲಿ, ಕೆಳಗಿನ ಅರೆಯಲ್ಲಿ, ಹಳೇ ಗೈಡುಗಳ ಅಡಿಯಲ್ಲಿತ್ತು. ಮೇಷ್ಟ್ರ ಮುಖ ಸಣ್ಣದಾಯಿತು. ಒಬ್ಬ ಹುಡುಗನನ್ನು ಅವಳ ಮನೆಗೆ ಓಡಿಸಿದರು.

ಬೀರುವಿಗೆ ಬೀಗ ಹಾಕುವ ಶಾಲೆಗಳ ಬಗ್ಗೆ ನಾವೆಲ್ಲ ಬೇಕಾದಷ್ಟು ಬೈದಿದ್ದೇವೆ. ಅವತ್ತು ಬೀಗ ತೆಗೆದಿತ್ತು, ಮೇಷ್ಟ್ರಿಗೆ ಮನಸ್ಸಿತ್ತು, ಪುಸ್ತಕವೂ ಇತ್ತು. ಆದರೂ ಸಿಕ್ಕಲಿಲ್ಲ. ಅವಳ ಬಾಯಲ್ಲಿದ್ದ ಮಾತು 'ವಾಪಸ್'. ಪಟ್ಟಿಯಲ್ಲಿದ್ದ ಮಾತು 'ಪರಭಾರೆ'. ಈ ಎರಡು ಮಾತುಗಳ ನಡುವೆ ಎರಡು ಎಕರೆ ಬಿದ್ದಿತ್ತು. ಕಥೆ ಕಾದಂಬರಿಗಳನ್ನು ವಿಮರ್ಶೆ ಮಾಡುವ ಹಾಗೆ ಈ ಪಟ್ಟಿಯನ್ನೂ ಒಂದು ಕೃತಿಯೆಂದು ಇಟ್ಟುಕೊಂಡು ಯಾಕೆ ವಿಮರ್ಶೆ ಮಾಡಬಾರದು? ಇದನ್ನು ಬರೆದವರು ಯಾರು, ಯಾರು ಓದಲಿ ಎಂದು ಬರೆದರು, ಇದರಲ್ಲಿ ಯಾರಿಗೆ ಹೆಸರಿದೆ, ಯಾರು 'ಇತರೆ'?

ಮೊದಲು ಓದುಗನ ಪ್ರಶ್ನೆ. ನಮ್ಮ ಶಾಲೆಗಳಲ್ಲಿ ಲೈಬ್ರರಿ ಪಟ್ಟಿ ಅಂತ ಇರುವುದು ಹೆಚ್ಚಾಗಿ ಒಂದೇ, ಸ್ಟಾಕ್ ರಿಜಿಸ್ಟರ್. ಕ್ರಮ ಸಂಖ್ಯೆ, ಬಂದ ತಾರೀಖು, ಲೇಖಕ, ಹೆಸರು, ಪ್ರಕಾಶಕ, ಬೆಲೆ, ಬಿಲ್ ನಂಬರ್, ಷರಾ. ಪುಸ್ತಕ ಬಂದ ದಿನದ ಪ್ರಕಾರ ಒಂದರ ಕೆಳಗೆ ಒಂದು. ಇದರಲ್ಲಿ ಪುಸ್ತಕ ಹುಡುಕಬೇಕಾದರೆ ಅದನ್ನು ಯಾವ ತಿಂಗಳು ಕೊಂಡರು ಅನ್ನುವುದು ಗೊತ್ತಿರಬೇಕು. ಮದುವೆ ಮನೆಯಲ್ಲಿ ಬಾಡಿಗೆ ಪಾತ್ರೆ ಎಣಿಸಿ ಬರೆದುಕೊಳ್ಳುತ್ತಾರಲ್ಲ, ಆ ಜಾತಿಯ ಬರಹ ಇದು. ಇದರ ಓದುಗ ಆಡಿಟ್ ಮಾಡುವವನು. ಕಳೆದ ಪುಸ್ತಕದ ದುಡ್ಡನ್ನು ಮೇಷ್ಟ್ರು ಕೈಯಿಂದ ಕಟ್ಟಬೇಕಾದೀತು ಎಂಬ ಭಯದಲ್ಲಿ ಹುಟ್ಟಿದ ಸಾಹಿತ್ಯ. ಹಾಗಾಗಿ ಮೇಷ್ಟ್ರುಗಳ ಮೇಲೆ ಎಗರಾಡುವುದರಲ್ಲಿ ಅರ್ಥವಿಲ್ಲ. ಒಬ್ಬರೇ ಕನ್ನಡವನ್ನೂ ಹೇಳಬೇಕು, ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕು, ಬೀರುವನ್ನೂ ಕಾಯಬೇಕು. 2018-19ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂದಾಗ ಸರ್ಕಾರಿ ಶಾಲೆಗಳ ಲೈಬ್ರರಿಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನವೆಂದು ಗೊತ್ತುಮಾಡಿದರು. ಪುಸ್ತಕಕ್ಕೆ ದುಡ್ಡು ಇಟ್ಟರು. ಆ ಪುಸ್ತಕವನ್ನು ಮಗು ಹೇಗೆ ಹುಡುಕುತ್ತದೆ ಅನ್ನುವುದಕ್ಕೆ ನಾವು ನೋಡಿದ ಯಾವ ಶಾಲೆಯಲ್ಲೂ ಹತ್ತು ರೂಪಾಯಿ ಖರ್ಚಾಗಿಲ್ಲ.

ಇನ್ನು ಹೆಸರುಗಳ ಕಥೆ. ಕೆಲವು ಕಡೆ ಉತ್ಸಾಹಿ ಮೇಷ್ಟ್ರು ರಿಜಿಸ್ಟರನ್ನು ಕಂಪ್ಯೂಟರಿಗೆ ಹಾಕಿ ಅಕಾರಾದಿ ಮಾಡಿಸಿದ್ದಾರೆ. ಸಂತೋಷ. ತೆರೆದು ನೋಡಿದರೆ ಕನ್ನಡ ಸಾಹಿತ್ಯದ ಅರ್ಧ ಭಾಗ 'ಡಾ.' ಅಕ್ಷರದಲ್ಲಿದೆ, ಕಾಲು ಭಾಗ 'ಪ್ರೊ.', ಮಿಕ್ಕಿದ್ದು 'ಶ್ರೀ'. ಬಾಬಾಸಾಹೇಬರು ಒಂದೇ ಪಟ್ಟಿಯಲ್ಲಿ ನಾಲ್ಕು ಜನ: 'ಡಾ. ಅಂಬೇಡ್ಕರ್', 'ಬಿ.ಆರ್. ಅಂಬೇಡ್ಕರ್', 'ಅಂಬೇಡ್ಕರ್ ಬಿ.ಆರ್.', 'ಬಾಬಾಸಾಹೇಬ್'. ಕುವೆಂಪು 'ಕು'ದಲ್ಲಿ ಒಂದು ಸಲ, ಕೆ.ವಿ. ಪುಟ್ಟಪ್ಪನವರಾಗಿ 'ಕೆ'ಯಲ್ಲಿ ಇನ್ನೊಂದು ಸಲ. ಇಬ್ಬರೂ ಒಬ್ಬರೇ ಅನ್ನುವುದು ಗೊತ್ತಿರುವ ಮನೆಯ ಮಗುವಿಗೆ ಕಷ್ಟವಿಲ್ಲ. ನಮಗೆ ಅದು ಗೊತ್ತಾಗಿದ್ದು ಎಂಟನೇ ಕ್ಲಾಸಿನಲ್ಲಿ. ನಮ್ಮಪ್ಪ ಹೆಬ್ಬೆಟ್ಟು. ಅವರಿಗೆ ಗೊತ್ತಿದ್ದ ಪುಟ್ಟಪ್ಪ ಸೊಸೈಟಿ ಅಂಗಡಿಯಲ್ಲಿ ಅಕ್ಕಿ ಅಳೆಯುತ್ತಿದ್ದ. ದೇವನೂರ ಮಹಾದೇವ ಅವರನ್ನು 'ದ'ದಲ್ಲಿ ಹುಡುಕಬೇಕೋ 'ಮ'ದಲ್ಲೋ? ಹೆಸರಿನ ಮುಂದೆ ಊರು ಹಾಕಿಕೊಳ್ಳುವ ನಮ್ಮ ಕಡೆಯ ಪದ್ಧತಿ ಇಂಗ್ಲಿಷಿನಿಂದ ಬಂದ ಸರ್‌ನೇಮ್ ಲೆಕ್ಕಕ್ಕೆ ಒಗ್ಗುವುದಿಲ್ಲ. ಒಗ್ಗಬೇಕಾಗಿಯೂ ಇಲ್ಲ. ಎರಡೂ ಕಡೆ ಬರೆದು 'ಅಲ್ಲಿ ನೋಡಿ' ಎಂದರೆ ಮುಗಿಯಿತು. ಒಂದು ಸಾಲಿನ ಕೆಲಸ, ಯಾರೂ ಮಾಡಿಲ್ಲ.

ಕಾಗುಣಿತದ ಪ್ರಶ್ನೆ ಇದಕ್ಕಿಂತ ಹೆಚ್ಚು ನೋವಿನದು. ನಮ್ಮ ಕಡೆ 'ಹ' ಬಾಯಿಗೆ ಬರುವುದಿಲ್ಲ. ಹಕ್ಕಿ ಅಕ್ಕಿಯಾಗುತ್ತದೆ, ಹಾಡು ಆಡಾಗುತ್ತದೆ. ಐದನೇ ಕ್ಲಾಸಿನಲ್ಲಿ 'ಹಳ್ಳಿ' ಬರೆಯುವಲ್ಲಿ 'ಅಳ್ಳಿ' ಬರೆದು ನಾವು ತಿಂದ ಪೆಟ್ಟುಗಳನ್ನು ಒಂದು ಕವನ ಸಂಕಲನದಲ್ಲೂ ಹಿಡಿಸಲಾಗುವುದಿಲ್ಲ. ಸಿದ್ದಲಿಂಗಯ್ಯನವರ ಮೊದಲ ಸಂಕಲನ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ನಮ್ಮ ಹಾಸ್ಟೆಲ್ಲಿನ ಒಬ್ಬ ಹುಡುಗ ಅದನ್ನು ಪಟ್ಟಿಯ 'ಒ'ದಲ್ಲಿ ಹುಡುಕಿ, ಇಲ್ಲವೆಂದು ಎದ್ದು ಬಂದಿದ್ದ. ನಾವೆಲ್ಲ ನಕ್ಕಿದ್ದೆವು. ಈಗ ನಗು ಬರುವುದಿಲ್ಲ. ಅವನ ಜನರ ಹೆಸರನ್ನೇ ಹೊತ್ತ ಪುಸ್ತಕ, ಅವನ ಜನರು ಆಡುವ ಹಾಗೆ ಹುಡುಕಿದರೆ ಸಿಕ್ಕುವುದಿಲ್ಲ. ಇದು ಯಾರ ತಪ್ಪು?

ಕಂಪ್ಯೂಟರ್ ಬಂದ ಮೇಲೆ ಇದು ಸರಿಹೋಗಬೇಕಿತ್ತು, ಇನ್ನೂ ಬಿಗಿಯಾಯಿತು. ಮೇಷ್ಟ್ರಾದರೆ 'ಬೂಮಿ' ಅಂದರೆ 'ಭೂಮಿ' ಎಂದು ತಿಳಿದುಕೊಳ್ಳುತ್ತಾರೆ. ಯಂತ್ರದ ಎದುರು ಮಗು ಅಲ್ಪಪ್ರಾಣದ 'ಬೂಮಿ' ಟೈಪ್ ಮಾಡಿದರೆ ಸೊನ್ನೆ ಪುಸ್ತಕ ಎಂದು ಉತ್ತರ ಬರುತ್ತದೆ. 'ಸಿದ್ದ' ಮತ್ತು 'ಸಿದ್ಧ', 'ಶಾಲೆ' ಮತ್ತು 'ಸಾಲೆ', 'ಹೊಲ' ಮತ್ತು 'ಒಲ' ಇವೆಲ್ಲ ಯಂತ್ರಕ್ಕೆ ಬೇರೆ ಬೇರೆ. ಇದು ಆಗದ ಕೆಲಸವೇನಲ್ಲ. ಹುಡುಕುವಾಗ ಮಹಾಪ್ರಾಣವನ್ನೂ ಅಲ್ಪಪ್ರಾಣವನ್ನೂ ಒಂದೇ ಎಂದು, ಶ ಷ ಸ ಮೂರನ್ನೂ ಒಂದೇ ಎಂದು, ಪದದ ಮೊದಲ 'ಹ' ಇದ್ದರೂ ಬಿಟ್ಟರೂ ಒಂದೇ ಎಂದು ಲೆಕ್ಕ ಹಿಡಿಯುವಂತೆ ಬರೆಯಬಹುದು. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವನ್ನು ಯಂತ್ರ ಎಣಿಸದೆ ಬಿಡುವುದಿಲ್ಲವೆ, ಹಾಗೆ. ಮಹಾಪ್ರಾಣ ಅಕ್ಷರಗಳೇ ಕನ್ನಡ ಬರಹಕ್ಕೆ ಬೇಡವೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದ ಮಾಡಿದ್ದಾರೆ. ಆ ವಾದವನ್ನು ಒಪ್ಪದವರು ಬಹಳ ಜನ ಇದ್ದಾರೆ, ಇರಲಿ. ಬರೆಯುವಾಗ ಯಾರ ಪ್ರಾಣ ದೊಡ್ಡದು ಯಾರದು ಸಣ್ಣದು ಎಂದು ಪಂಡಿತರು ಜಗಳವಾಡಿಕೊಳ್ಳಲಿ, ಹುಡುಕುವಾಗ ಮಾತ್ರ ಎಲ್ಲರ ಪ್ರಾಣವೂ ಒಂದೇ ತೂಕಕ್ಕೆ ಬರಲಿ ಎಂಬುದು ನಮ್ಮ ಬೇಡಿಕೆ.

ಇನ್ನೊಂದು ಗುಂಡಿ ಇದೆ, ಎಷ್ಟೋ ಶಾಲೆಗಳು ಅದರಲ್ಲಿ ಬಿದ್ದಿವೆ. ಹಿಂದೆ 'ನುಡಿ'ಯ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟ ಪಟ್ಟಿಗಳು ಕಣ್ಣಿಗೆ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಚೂರುಪಾರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೊಜ್ಜು. ಯೂನಿಕೋಡಿನಲ್ಲಿ ಟೈಪ್ ಮಾಡಿ ಹುಡುಕಿದರೆ ಆ ಪಟ್ಟಿ ಮೂಗ. ಅದನ್ನು ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳಿವೆ, ಮೊದಲು ಅದನ್ನು ಮಾಡಿಸಬೇಕು. ಯೂನಿಕೋಡಿನಲ್ಲೂ 'ಳ' ಬರುವುದು 'ಲ' ಆದ ಕೂಡಲೆ. ಶಾಲೆಯಲ್ಲಿ ಕಲಿಸುವುದು ಕೊನೆಯಲ್ಲಿ, 'ಹ' ಆದ ಮೇಲೆ. ಮಗು ಬಾಯಿಪಾಠ ಮಾಡಿದ ಅಕ್ಷರಮಾಲೆಯೇ ಬೇರೆ, ಪಟ್ಟಿ ಹಿಡಿದಿರುವುದೇ ಬೇರೆ.

ಈಗ 'ಇತರೆ'ಗೆ ಬರೋಣ. ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ನಾವು ನೋಡಿದ್ದು ಡ್ಯೂಯಿ ದಶಮಾಂಶ ಪದ್ಧತಿ. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಅಚ್ಚು ಹಾಕಿಸಿದ್ದು. ಲೋಕದ ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ ಸಂಖ್ಯೆ ಕೊಟ್ಟ. ಅದರಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820, ಮೂರೇ ಅಂಕಿ. ಕನ್ನಡ ಸಾಹಿತ್ಯಕ್ಕೆ 894.814, ಆರು ಅಂಕಿ. ಆ 890 ಅಂದರೆ ಏನು? 'ಇತರ ಸಾಹಿತ್ಯಗಳು'. ಧರ್ಮದ ಭಾಗದಲ್ಲಿ 220ರಿಂದ 280ರವರೆಗೆ ಕ್ರೈಸ್ತ ಧರ್ಮವೇ ಹಬ್ಬಿಕೊಂಡಿದೆ. ಬುದ್ಧ, ಅಲ್ಲಾ, ಮಾದೇಶ್ವರ ಎಲ್ಲರೂ 290ರ 'ಇತರ ಧರ್ಮಗಳು' ಎಂಬ ಒಂದೇ ಕೋಣೆಯಲ್ಲಿ ಮೊಣಕಾಲು ಮಡಿಸಿಕೊಂಡು ಕೂತಿದ್ದಾರೆ. ಪಟ್ಟಿಗೂ ಒಂದು ಊರು, ಒಂದು ಕೇರಿ. ಆ ಡ್ಯೂಯಿ ನಡೆಸುತ್ತಿದ್ದ ಲೇಕ್ ಪ್ಲಾಸಿಡ್ ಕ್ಲಬ್ಬಿಗೆ ಯಹೂದಿಯರಿಗೆ, ಕರಿಯರಿಗೆ ಪ್ರವೇಶವಿರಲಿಲ್ಲ. ಈ ಕಾರಣಗಳಿಂದಲೇ 2019ರಲ್ಲಿ ಅಮೆರಿಕದ ಲೈಬ್ರರಿ ಸಂಘ ತನ್ನ ಪದಕದಿಂದ ಅವನ ಹೆಸರನ್ನು ತೆಗೆದುಹಾಕಿತು.

ಹಾಗೆಂದು ಡ್ಯೂಯಿಯನ್ನು ಸುಟ್ಟುಹಾಕಿ ಎಂದು ನಾವು ಹೇಳುತ್ತಿಲ್ಲ. ಒಬ್ಬ ಹೆಣ್ಣುಮಗಳು ಅದನ್ನು ಹೇಗೆ ಬಗ್ಗಿಸಿದಳು ಅನ್ನುವುದನ್ನು ಹೇಳಬೇಕು. ವಾಷಿಂಗ್‌ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯ ಕರಿಯರ ವಿದ್ಯಾಸಂಸ್ಥೆ. ಅಲ್ಲಿನ ಕರಿಯರ ಪುಸ್ತಕ ಭಂಡಾರವನ್ನು 1930ರಿಂದ 1973ರವರೆಗೆ ಕಟ್ಟಿದವರು ಡೊರೊಥಿ ಪೋರ್ಟರ್. ಅವರು ಬೇರೆ ಲೈಬ್ರರಿಗಳಲ್ಲಿ ನೋಡುತ್ತಾರೆ: ಕರಿಯರು ಬರೆದ ಪುಸ್ತಕಗಳಿಗೆ ಎರಡೇ ಸಂಖ್ಯೆ, 326 ಮತ್ತು 325. 326 ಅಂದರೆ ಗುಲಾಮಗಿರಿ, 325 ಅಂದರೆ ವಲಸೆ-ವಸಾಹತು. ಕರಿಯ ಪದ್ಯ ಬರೆದರೂ ಗುಲಾಮಗಿರಿ, ಕಾದಂಬರಿ ಬರೆದರೂ ಗುಲಾಮಗಿರಿ. ಪೋರ್ಟರ್ ಒಪ್ಪಲಿಲ್ಲ. ಪದ್ಯವನ್ನು ಪದ್ಯದ ಜಾಗಕ್ಕೆ, ಚರಿತ್ರೆಯನ್ನು ಚರಿತ್ರೆಯ ಜಾಗಕ್ಕೆ ತಂದು ಕೂರಿಸಿದರು. ಇದು ಗುಮಾಸ್ತಿಕೆಯ ಕೆಲಸ ಎಂದುಕೊಳ್ಳುವವರು ಒಂದು ಸಲ ಯೋಚಿಸಲಿ.

ನಮ್ಮಲ್ಲೂ ಅದೇ ಆಗಿದೆ. ನಾವು ನೋಡಿದ ಶಾಲೆಗಳ ರಿಜಿಸ್ಟರುಗಳಲ್ಲಿ ಅಂಬೇಡ್ಕರ್ ಇರುವುದು 'ಮಹಾಪುರುಷರ ಜೀವನ ಚರಿತ್ರೆ' ಎಂಬ ಕಲಮಿನಲ್ಲಿ. ಅವರ ಬಗ್ಗೆ ಯಾರೋ ಬರೆದ 32 ಪುಟದ ಪುಸ್ತಕವೂ ಅಲ್ಲೇ, ಅವರೇ ಬರೆದ ಸಂಪುಟವೂ ಅಲ್ಲೇ. 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತು ಗ್ರಂಥ ಬರೆದ ಮನುಷ್ಯ ಅರ್ಥಶಾಸ್ತ್ರದ ಅರೆಯಲ್ಲಿ ಯಾಕಿಲ್ಲ? 1936ರಲ್ಲಿ ಜಾತಿ ವಿನಾಶ ಬರೆದವರು ಸಮಾಜಶಾಸ್ತ್ರದಲ್ಲಿ ಯಾಕಿಲ್ಲ? ತೀರಿಕೊಂಡ ಮೇಲೆ 1957ರಲ್ಲಿ ಬಂದ ಬುದ್ಧನ ಪುಸ್ತಕ ಧರ್ಮದಲ್ಲಿ ಯಾಕಿಲ್ಲ? ಗೋಡೆಯ ಮೇಲೆ ಪಟವಾಗಿ ಹಾರ ಹಾಕಿಸಿಕೊಂಡವರು ಪಟ್ಟಿಯಲ್ಲೂ ಪಟವಾಗಿಯೇ ಇದ್ದಾರೆ. ಕನ್ನಡಕ್ಕೆ ಬಂದಿರುವ ಅವರ ಬರಹಗಳ ಸಂಪುಟಗಳು ದಪ್ಪ ದಪ್ಪವಾಗಿವೆ. ರಿಜಿಸ್ಟರಿನಲ್ಲಿ 'ಅಂಬೇಡ್ಕರ್ ಸಂಪುಟ' ಎಂದಷ್ಟೆ. ಒಳಗೆ ಯಾವ ಬರಹವಿದೆ ಎಂದು ಒಂದು ಸಾಲಿಲ್ಲ. ಯಾರಿಗೂ ಎತ್ತಿ ಬಿಡಿಸುವ ಧೈರ್ಯವಾಗದೆ ಅವು ಹೊಚ್ಚ ಹೊಸದಾಗಿವೆ.

ಶೀರ್ಷಿಕೆ ನೋಡಿ ವಿಷಯ ಬರೆಯುವ ಚಾಳಿಯಿಂದ ಆಗಿರುವ ತಮಾಷೆಗಳೂ ಇವೆ. ಎ.ಎನ್. ಮೂರ್ತಿರಾಯರು 1991ರಲ್ಲಿ ಬರೆದ 'ದೇವರು' ದೇವರಿಲ್ಲವೆಂದು ವಾದಿಸುವ ಪುಸ್ತಕ. ಒಂದು ಶಾಲೆಯಲ್ಲಿ ಅದು ಭಜನೆ ಪುಸ್ತಕಗಳ ಜೊತೆ 'ಭಕ್ತಿ'ಯಲ್ಲಿತ್ತು. ಅರವಿಂದ ಮಾಲಗತ್ತಿಯವರ ಆತ್ಮಕಥೆ 'ಗೌರ್ಮೆಂಟ್ ಬ್ರಾಹ್ಮಣ' 1994ರದು. ಅದನ್ನು 'ಆಡಳಿತ'ದಲ್ಲಿ ಹಾಕಿದ್ದರು. ಸಿದ್ದಲಿಂಗಯ್ಯನವರ 'ಊರು ಕೇರಿ' ಗ್ರಾಮಾಭಿವೃದ್ಧಿಯಲ್ಲಿ! ಕವಿ ಬದುಕಿದ್ದರೆ ಇದನ್ನು ಕೇಳಿ ಮೊದಲು ನಗುತ್ತಿದ್ದವರು ಅವರೇ.

ಎಸ್.ಆರ್. ರಂಗನಾಥನ್ ಅವರ ಹೆಸರು ಹೇಳದೆ ಈ ವಿಷಯ ಮುಂದಕ್ಕೆ ಹೋಗುವುದಿಲ್ಲ. ತಮಿಳುನಾಡಿನಲ್ಲಿ ಹುಟ್ಟಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ಅಲ್ಲೇ ತೀರಿಕೊಂಡವರು. 1931ರಲ್ಲೇ ಲೈಬ್ರರಿಗೆ ಐದು ಸೂತ್ರ ಕೊಟ್ಟರು. ಪುಸ್ತಕ ಇರುವುದು ಬಳಸಲಿಕ್ಕೆ, ಓದುವವನ ಹೊತ್ತು ಹಾಳು ಮಾಡಬಾರದು ಎಂಬ ಅರ್ಥದ ಸೂತ್ರಗಳು. ಅವರ ಕೋಲನ್ ವರ್ಗೀಕರಣದ ಚುಕ್ಕಿ ಕೊಕ್ಕೆಗಳು ಹಳ್ಳಿ ಮೇಷ್ಟ್ರಿಗೆ ಇನ್ನೊಂದು ಮಂತ್ರವಾದವು ಅನ್ನುವುದೂ ನಿಜ. ಅವರಿಂದ ನಾವು ತೆಗೆದುಕೊಳ್ಳಬೇಕಾದ್ದು ಸಂಖ್ಯೆಗಳನ್ನಲ್ಲ. ಪುಸ್ತಕ ಕಟ್ಟಿಗೆಯ ಅರೆಯ ಮೇಲೆ ಒಂದೇ ಕಡೆ ನಿಲ್ಲಬಲ್ಲದು, ಆದರೆ ಪಟ್ಟಿಯಲ್ಲಿ ಹತ್ತು ಕಡೆ ನಿಲ್ಲಬಲ್ಲದು ಎಂಬ ತಿಳಿವಳಿಕೆಯನ್ನು. ಹಳೆಯ ಲೈಬ್ರರಿಗಳ ಕಾರ್ಡುಗಳನ್ನು ನೆನಪಿಸಿಕೊಳ್ಳಿ. ಮೂರು ಇಂಚು ಐದು ಇಂಚಿನ ರಟ್ಟು, ಕೆಳಗೆ ತೂತು, ತೂತಿನಲ್ಲಿ ಸರಳು. ಒಂದು ಪುಸ್ತಕಕ್ಕೆ ಲೇಖಕನ ಹೆಸರಲ್ಲಿ ಒಂದು ಕಾರ್ಡು, ಶೀರ್ಷಿಕೆಗೆ ಒಂದು, ವಿಷಯಕ್ಕೆ ಒಂದೋ ಎರಡೋ. ಅಮೆರಿಕದ ಒಸಿಎಲ್‌ಸಿ ಎಂಬ ಸಂಸ್ಥೆ ಜಗತ್ತಿಗೆಲ್ಲ ಅಚ್ಚು ಹಾಕಿ ಕಳಿಸುತ್ತಿದ್ದ ಈ ಕಾರ್ಡುಗಳನ್ನು 2015ರಲ್ಲಿ ನಿಲ್ಲಿಸಿತು. ನಮ್ಮ ಹಳ್ಳಿ ಶಾಲೆಗಳಿಗೆ ಅವು ಬರಲೇ ಇಲ್ಲ. ರಿಜಿಸ್ಟರಿನಿಂದ ನೇರ ಕಂಪ್ಯೂಟರಿಗೆ ಜಿಗಿಯುತ್ತಿದ್ದೇವೆ, ನಡುವಿನ ಪಾಠ ತಪ್ಪಿಹೋಗಿದೆ.

ಆ ಪಾಠವನ್ನು ಮಾಡಿಯೇ ನೋಡೋಣ ಎಂದು ಜನವರಿಯಲ್ಲಿ ಅದೇ ಶಾಲೆಗೆ ಮೂರು ಶನಿವಾರ ಹೋದೆವು. ಮೇಷ್ಟ್ರೇ ಕರೆದದ್ದು. ಬೀರುವಿನಲ್ಲಿ ಆರುನೂರು ಚಿಲ್ಲರೆ ಪುಸ್ತಕ. ಒಂಬತ್ತು ಮಕ್ಕಳು. ಕಾರ್ಡಿಗೆ ದುಡ್ಡಿಲ್ಲ, ಹಳೇ ಲಗ್ನಪತ್ರಿಕೆಗಳ ಖಾಲಿ ಬೆನ್ನನ್ನು ಕತ್ತರಿಸಿಕೊಂಡೆವು. ಇಡಲು ಚಪ್ಪಲಿ ಡಬ್ಬ. ಸರಸ್ವತಿಯನ್ನು ಚಪ್ಪಲಿ ಡಬ್ಬದಲ್ಲಿ ಇಡುವುದೇ ಎಂದು ಒಬ್ಬ ಮೇಷ್ಟ್ರು ಮುಖ ಸಿಂಡರಿಸಿದರು. ಡಬ್ಬ ಬದಲಾಗಲಿಲ್ಲ.

ಮಾಡಿದ್ದು ಇಷ್ಟೆ. ಒಂದು ಮಗು ಒಂದು ಪುಸ್ತಕ ತೆಗೆದುಕೊಂಡು ತಿರುವಿ ಹಾಕಬೇಕು. 'ಇದು ಯಾತರ ಪುಸ್ತಕ? ಯಾರು ಬಂದು ಏನಂತ ಕೇಳಿದರೆ ಇದನ್ನು ಕೊಡ್ತೀಯ?' ಮಗು ಹೇಳಿದ ಮಾತನ್ನು ಅದರ ಬಾಯಿಯ ಹಾಗೆಯೇ ಕಾರ್ಡಿನ ತಲೆಯ ಮೇಲೆ ಬರೆಯುವುದು. ಅದರ ಕೆಳಗೆ ಪುಸ್ತಕದ ಹೆಸರು, ಲೇಖಕ, ಅಚ್ಚಾದ ವರ್ಷ, ಬೀರುವಿನ ಯಾವ ಅರೆ. ಅದರ ಕೆಳಗೆ ಪುಸ್ತಕ ತನ್ನನ್ನು ತಾನು ಕರೆದುಕೊಳ್ಳುವ ಮಾತು. ಹೀಗೆ 412ನೇ ನಂಬರಿಗೆ ನಾಲ್ಕು ಕಾರ್ಡುಗಳಾದವು: 'ಜಮೀನು ವಾಪಸ್', 'ದರಖಾಸ್ತು', 'ಗ್ರಾಂಟ್ ಜಮೀನು', 'ಪರಭಾರೆ'. ಊರಿನ ಊಟದ ಸಾಲಿನಲ್ಲಿ ನಮ್ಮವರಿಗೆ ಎಲೆ ಹಾಕದಿದ್ದ ಹಾಗೆ ಪಟ್ಟಿಯಲ್ಲಿ ನಮ್ಮ ಮಾತಿಗೆ ಜಾಗವಿರಲಿಲ್ಲ. ಈಗ 'ವಾಪಸ್' ಮತ್ತು 'ಪರಭಾರೆ' ಒಂದೇ ಪಂಕ್ತಿಯಲ್ಲಿ ಕೂತವು.

ವರ್ಷ ಬರೆಯುವುದು ಎಷ್ಟು ಮುಖ್ಯ ಅನ್ನುವುದು ಈ ಕಾರ್ಡಿನಲ್ಲೇ ತಿಳಿಯಿತು. ಆ ಕೈಪಿಡಿ ಹಳೆಯದು. ಇಂಥ ಅರ್ಜಿಗಳನ್ನು ಸಮಂಜಸವಾದ ಕಾಲದೊಳಗೆ ಹಾಕಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎಷ್ಟೋ ಜನರ ಅರ್ಜಿಗಳು ತಡವಾಯಿತೆಂಬ ಕಾರಣಕ್ಕೆ ಬಿದ್ದುಹೋದವು. ಹೋರಾಟ ನಡೆಯಿತು. 2023ರಲ್ಲಿ ಕಾಲಮಿತಿ ಇಲ್ಲವೆಂದು ಕಾಯ್ದೆಗೆ ತಿದ್ದುಪಡಿ ತಂದರು. ಇದೊಂದೂ ಕೈಪಿಡಿಯಲ್ಲಿಲ್ಲ. ಕಾರ್ಡಿನ ಕೆಳಗೆ ಕೆಂಪು ಇಂಕಿನಲ್ಲಿ 'ಇದು ಹಳೇದು, 2023ರ ತಿದ್ದುಪಡಿ ಇದರಲ್ಲಿಲ್ಲ, ವಕೀಲರನ್ನು ಕೇಳಿ' ಎಂದು ಬರೆದೆವು. ಸ್ಟಾಕ್ ರಿಜಿಸ್ಟರಿನಲ್ಲಿ ಇಂಥ ಮಾತಿಗೆ ಕಲಮೇ ಇಲ್ಲ.

ಮಕ್ಕಳು ಕೊಟ್ಟ ಮಾತುಗಳನ್ನು ಓದಿದರೆ ಪದ್ಯ ಬರೆಯುವ ನಮಗೆ ಹೊಟ್ಟೆಕಿಚ್ಚಾಗುತ್ತದೆ. 'ದೇವ್ರು ಇಲ್ವಾ', 'ಅಪ್ಪ ಕುಡಿಯೋದು', 'ಬೆಂಗ್ಳೂರಿಗೆ ಹೋಗೋದು', 'ಹಾವು ಕಚ್ಚಿದ್ರೆ', 'ಫೇಲಾದವರಿಗೆ'. ಒಬ್ಬ ಹುಡುಗಿ ಆರೋಗ್ಯದ ಪುಸ್ತಕ ಹಿಡಿದು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ತಾನೇ ಪೆನ್ನು ತೆಗೆದುಕೊಂಡು 'ಮುಟ್ಟು' ಎಂದು ಬರೆದು ಕಾರ್ಡನ್ನು ಮಗುಚಿ ಇಟ್ಟಳು. ಯಾರನ್ನೂ ಕೇಳದೆ ಆ ಡಬ್ಬದಲ್ಲಿ ಕೈಯಾಡಿಸಬಹುದು ಅನ್ನುವುದೇ ಅವಳಿಗೆ ಬೇಕಾಗಿದ್ದದ್ದು. ಮೇಷ್ಟ್ರನ್ನು ಕೇಳಿ ಪಡೆಯುವ ಪುಸ್ತಕಗಳೇ ಬೇರೆ, ಕೇಳಲಾಗದ ಪುಸ್ತಕಗಳೇ ಬೇರೆ.

ಎಡವಿದ್ದೂ ಹೇಳಬೇಕು. ಎರಡನೇ ಶನಿವಾರದ ಹೊತ್ತಿಗೆ ಡಬ್ಬ ಸಂತೆಯಾಯಿತು. ಒಂದೇ ವಿಷಯಕ್ಕೆ ಒಬ್ಬ 'ಜ್ವರ' ಎಂದ, ಇನ್ನೊಬ್ಬ 'ಕಾಯಿಲೆ' ಎಂದ, ಮತ್ತೊಬ್ಬಳು 'ಆಸ್ಪತ್ರೆ' ಎಂದಳು. ಆರು ಪುಸ್ತಕ ಮೂರು ಕಡೆ ಹಂಚಿಹೋದವು. ಎಷ್ಟು ಮಾತಿದ್ದರೆ ಅಷ್ಟು ಒಳ್ಳೆಯದು ಎಂಬ ನಮ್ಮ ಹುಮ್ಮಸ್ಸು ತಪ್ಪು. ಒಂದು ಮಾತನ್ನು ಎಲ್ಲರೂ ಕೂತು ಗೊತ್ತುಮಾಡಬೇಕು, ಪುಸ್ತಕಗಳೆಲ್ಲ ಅದರ ಅಡಿಯಲ್ಲಿ. ಮಿಕ್ಕ ಮಾತುಗಳ ಕಾರ್ಡಿನಲ್ಲಿ 'ಕಾಯಿಲೆ ನೋಡು' ಎಂದು ದಾರಿ ಮಾತ್ರ. ಲೈಬ್ರರಿ ಶಾಸ್ತ್ರದವರು ಇದನ್ನು ಎಂದೋ ಕಂಡುಕೊಂಡಿದ್ದಾರೆ, ನಾವು ಮೂರು ಶನಿವಾರ ಕಳೆದು ಕಂಡುಕೊಂಡೆವು. 'ಬೋರು' ಎಂದು ಬರೆದ ಒಂದು ಕಾರ್ಡೂ ಇತ್ತು. ಕೊಳವೆಬಾವಿ ಇರಬೇಕೆಂದುಕೊಂಡೆವು. ಅಲ್ಲ, ಅದು ವಿಮರ್ಶೆ.

ಜಗಳವಾಗಿದ್ದು ಜಾತಿಯ ಹೆಸರಿಗೆ. ಹಳೇ ರಿಜಿಸ್ಟರಿನಲ್ಲಿ 'ಹರಿಜನ' ಎಂದಿದೆ. ಅದನ್ನು ಹೊಡೆದು 'ದಲಿತ' ಎಂದು ಬರೆಯುವುದರಲ್ಲಿ ಯಾರದೂ ತಕರಾರಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪಟ್ಟಿಯೇ 'ಅಸ್ಪೃಶ್ಯರು' ಎಂಬ ತಲೆಬರಹ ಬಿಟ್ಟು 'ದಲಿತರು' ಎಂಬುದಕ್ಕೆ ಬಂದಿದೆ. ಹಳೆಯ ಮಾತಿನಿಂದ ಹುಡುಕುವವರಿಗೆ ದಾರಿ ಇರಲಿ ಎಂದು 'ಹರಿಜನ: ದಲಿತ ನೋಡು' ಎಂಬ ಕಾರ್ಡು ಇಟ್ಟೆವು. ಆದರೆ 'ಹೊಲೆಯ', 'ಮಾದಿಗ' ಎಂದು ಕಾರ್ಡಿನ ತಲೆಯ ಮೇಲೆ ಬರೆಯಬೇಕೆ? ಸಿದ್ದಲಿಂಗಯ್ಯನವರು ಅದನ್ನು ಪುಸ್ತಕದ ಮುಖದ ಮೇಲೇ ಎತ್ತಿ ಹಿಡಿದರು, ಮುಚ್ಚಿಡುವುದೇಕೆ ಅನ್ನುವುದು ನಮ್ಮ ವಾದ. ಜೊತೆಗಿದ್ದ ಗೆಳೆಯ ಒಪ್ಪಲಿಲ್ಲ. 'ಕವಿ ಬರೆದರೆ ಬಂಡಾಯ, ಮೇಲಿನ ಕೇರಿಯ ಹುಡುಗ ಆ ಕಾರ್ಡು ಎತ್ತಿ ತೋರಿಸಿ ನಕ್ಕರೆ ಅದು ಬೈಗುಳ' ಅಂದ. ಉತ್ತರ ಹೊಳೆಯಲಿಲ್ಲ. ಆ ಜಾಗದಲ್ಲಿ ಈಗಲೂ ಒಂದು ಖಾಲಿ ಕಾರ್ಡು ಇದೆ.

ಇಂಥ ಆಡುಮಾತಿನ ಪಟ್ಟಿಯಿಂದ ಮಕ್ಕಳ ಕನ್ನಡ ಕೆಡುವುದಿಲ್ಲವೆ ಎಂದು ಕೇಳುವ ಹಿರಿಯರಿದ್ದಾರೆ. ಆ ಹುಡುಗಿಗೆ ಈಗ 'ಪರಭಾರೆ' ಎಂಬ ಮಾತು ಗೊತ್ತು, ಬರೆಯಲೂ ಬರುತ್ತದೆ, ಕಚೇರಿಯಲ್ಲಿ ಬಳಸುತ್ತಾಳೆ. ಅವಳು ಅಲ್ಲಿಗೆ ಹೋದದ್ದು 'ವಾಪಸ್' ಎಂಬ ಬಾಗಿಲಿನಿಂದ. ಇನ್ನು ನಮ್ಮವರೇ ಕೆಲವರು, ಇದೆಲ್ಲ ಸಣ್ಣ ಕೆಲಸ, ಭೂಮಿ ಹೋರಾಟ ಬಿಟ್ಟು ಚಪ್ಪಲಿ ಡಬ್ಬ ಜೋಡಿಸುತ್ತ ಕೂರುವುದೇ ಎಂದರು. ಅವರಿಗೆ ಹೇಳುವುದು ಒಂದಿದೆ: ಹಳೆಯ 'ಪಂಚಮ', 'ಶೂದ್ರ' ಸಂಚಿಕೆಗಳಲ್ಲಿ ನಮ್ಮ ಹಿರಿಯರು ಬರೆದದ್ದನ್ನು ಹುಡುಕಲು ಹೋಗಿ ನಾವು ಎಷ್ಟು ಊರು ಅಲೆದಿದ್ದೇವೆ, ಕೇಳಿ ನೋಡಿ. ನಮ್ಮ ಸಂಕಲನಗಳಲ್ಲೇ ಎಷ್ಟೋ ಸಲ ವರ್ಷ ಇರುವುದಿಲ್ಲ, ಪರಿವಿಡಿ ಇರುವುದಿಲ್ಲ, ಯಾರು ಅಚ್ಚು ಹಾಕಿದರು ಎಂದಿರುವುದಿಲ್ಲ. ಬೆಂಕಿ ಉಗುಳುವ ಪದ್ಯ ಬರೆದು, ಅದನ್ನು ಹತ್ತು ವರ್ಷದ ಮೇಲೆ ಯಾರೂ ಹುಡುಕಲಾಗದ ಹಾಗೆ ಬಿಟ್ಟು ಹೋಗುವ ಉದಾಸೀನ ನಮ್ಮದೂ ಹೌದು.

ಗ್ರಾಮ ಪಂಚಾಯ್ತಿ ಲೈಬ್ರರಿಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿದವು, 2020ರಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಶುರುವಾಯಿತು, ಈಗ ಅರಿವು ಕೇಂದ್ರಗಳೆಂದು ಹೆಸರಿಟ್ಟು ಕಂಪ್ಯೂಟರ್ ಕೊಟ್ಟಿದ್ದಾರೆ. ನ್ಯೂಜಿಲೆಂಡಿನಲ್ಲಿ ಹುಟ್ಟಿದ 'ಕೋಹಾ' ಎಂಬ ಲೈಬ್ರರಿ ತಂತ್ರಾಂಶ ಯಾರು ಬೇಕಾದರೂ ಪುಕ್ಕಟೆ ಬಳಸಿಕೊಳ್ಳಬಹುದಾದದ್ದು. ಅಲ್ಲಿನ ಮೂಲನಿವಾಸಿ ಮಾವೊರಿಗಳ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಯಂತ್ರ ಬರಲಿ. ಅದರೊಳಗೆ ಹಾಕುವ ಮಾತು ಯಾರದು ಎಂದು ಕೇಳುವವರು ಪ್ರತಿ ಊರಿನಲ್ಲಿ ಒಬ್ಬರಾದರೂ ಬೇಕು.

ಮೇಷ್ಟ್ರುಗಳೆ, ಹಾಸ್ಟೆಲ್ ಗೆಳೆಯರೆ, ನಿಮ್ಮ ಕಡೆಯ ಮಕ್ಕಳು ಪುಸ್ತಕವನ್ನು ಯಾವ ಮಾತಿನಲ್ಲಿ ಕೇಳುತ್ತಾರೆ, ಬರೆದು ಈ ಪತ್ರಿಕೆಗೆ ಕಳಿಸಿ. ಬಳ್ಳಾರಿಯ ಮಗು, ಬೀದರಿನ ಮಗು, ಚಾಮರಾಜನಗರದ ಮಗು ಒಂದೇ ಮಾತಿನಲ್ಲಿ ಕೇಳುವುದಿಲ್ಲ. ತಿದ್ದದೆ ಕಳಿಸಿ.

ಆ ಶಾಲೆಯಲ್ಲಿ ಇನ್ನೂ ನಾನೂರು ಪುಸ್ತಕಗಳಿಗೆ ಕಾರ್ಡು ಆಗಬೇಕು. ಹುಡುಗಿಯ ಮನೆಯವರು ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಹಾಕಿದ್ದಾರೆ, ಎರಡು ಸಲ ತಾರೀಖು ಮುಂದೆ ಹೋಗಿದೆ. 412ನೇ ಪುಸ್ತಕ ಇನ್ನೂ ಅವರ ಮನೆಯಲ್ಲೇ ಇದೆ. ಮೇಷ್ಟ್ರು ವಾಪಸ್ ಕೇಳಿಲ್ಲ.